ಇಸ್ತ್ರಿ ಆರಿಸಿ ನೋಡುವ ಸಿನಿಮಾ

ಮೆರೋಪಿಯ ಲೆಕ್ಕದಲ್ಲಿ ಜಗತ್ತಿನ ಸಿನಿಮಾಗಳೆಲ್ಲ ಮೂರೇ ಜಾತಿ. ಮೇಜುಬಟ್ಟೆಯ ಸಿನಿಮಾ, ಅಂಗಿಯ ಸಿನಿಮಾ, ಇಸ್ತ್ರಿ ಆರಿಸಿ ನೋಡುವ ಸಿನಿಮಾ. ಮೇಜುಬಟ್ಟೆಗೆ ಇಸ್ತ್ರಿ ಹಾಕುವಾಗ ಕಣ್ಣು ಬಟ್ಟೆಯ ಮೇಲಿರಬೇಕಾಗಿಲ್ಲ, ಕೈ ತನ್ನಷ್ಟಕ್ಕೆ ಹೋಗುತ್ತದೆ. ಹಾಗಾಗಿ ಕಣ್ಣು ಪರದೆಯ ಮೇಲೇ ಇದ್ದು ಎಷ್ಟು ನೋಡಿದರೂ ಏನೂ ಸಿಗದಂಥದ್ದು ಮೇಜುಬಟ್ಟೆಯ ಸಿನಿಮಾ. ಅಂಗಿಗೆ ಕಾಲರು, ತೋಳಪಟ್ಟಿ ಇರುತ್ತವೆ. ಆಗಾಗ ತಲೆ ತಗ್ಗಿಸಿ, ಮತ್ತೆ ಎತ್ತಿದರೂ ಕತೆ ಕೈಬಿಡದಿದ್ದರೆ ಅದು ಅಂಗಿಯ ಸಿನಿಮಾ. ಇನ್ನು ಇಸ್ತ್ರಿಯನ್ನು ಆರಿಸಿ, ಸ್ಟೂಲು ಎಳೆದುಕೊಂಡು ಕೂತುಬಿಟ್ಟಳೆಂದರೆ ಮಾರನೆಯ ದಿನ ನಮ್ಮ ಓಣಿಯ ಅರ್ಧ ಜನ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದರು. ಅದು ಒಂದು ಬೇಸಿಗೆಗೆ ಎರಡೋ ಮೂರೋ ಸಲ, ಅಷ್ಟೆ.

ಮೆರೋಪಿ ನನ್ನ ಗಂಡ ಪಾಂಡೆಲಿಸನ ಅಕ್ಕ. ವೋಲೋಸ್ ಎಂಬ ಬಂದರು ಊರಿನ ನೆಯಾ ಇಯೋನಿಯಾ ಬಡಾವಣೆಯಲ್ಲಿ ನಮ್ಮ ಮಾವನ ಹಳೆಯ ಮನೆಯನ್ನು ಕಟ್ಟಡದವರಿಗೆ ಕೊಟ್ಟಾಗ ಬದಲಿಗೆ ಬಂದದ್ದು ಎರಡನೆಯ ಮಹಡಿಯ ಎರಡು ಮನೆ. ಒಂದು ನಮ್ಮದು, ಒಂದು ಅವಳದು. ಬಾಲ್ಕನಿ ಮಾತ್ರ ಒಂದೇ, ನಡುವೆ ಮಸುಕು ಗಾಜಿನ ಒಂದು ಹಲಗೆ ನಿಲ್ಲಿಸಿದ್ದಾರೆ. ಆ ಗಾಜಿನ ಕೃಪೆಯಿಂದ ಅವಳ ಕಡೆಗೆ ಕೆಳಗಿನ ಅಂಗಳದಲ್ಲಿ ಬೇಸಿಗೆಗೆಂದು ತೆರೆಯುವ ಬಯಲು ಸಿನಿಮಾದ ಪರದೆ ಬಂತು, ನನ್ನ ಕಡೆಗೆ ಬೇಕರಿಯ ಹೊಗೆಕೊಳವೆ ಬಂತು. ನನಗೇನೂ ಬೇಸರವಿಲ್ಲ. ಎರಡು ಗಂಟೆ ಸುಮ್ಮನೆ ಕೂತು ಬೇರೆಯವರ ಸಂಸಾರ ನೋಡುವಷ್ಟು ಪುರುಸೊತ್ತು ನನಗೆ ಎಂದೂ ಇರಲಿಲ್ಲ.

ಅವಳು ಹದಿನಾಲ್ಕನೆಯ ವಯಸ್ಸಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದವಳು. ಒಂದು ನಿಶ್ಚಿತಾರ್ಥ ಆಗಿತ್ತು, ಮುರಿಯಿತು. ಯಾಕೆಂದು ಕೇಳಿದವರಿಗೆ "ಅವನ ಕಾಲರು ಯಾವತ್ತೂ ಕೊಳಕು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಮೇಲೆ ಮನೆಯಲ್ಲೇ ಕೆಲಸ ಹಿಡಿದಳು. ಬಂದರಿನ ಹೋಟೆಲಿನ ಅಂಗಿಗಳು, ತ್ಸಿಪುರೋ ಸಾರಾಯಿ ಅಂಗಡಿಗಳ ಮೇಜುಬಟ್ಟೆಗಳು. ಬೇಸಿಗೆಯಲ್ಲಿ ಮನೆಯೊಳಗೆ ಇಸ್ತ್ರಿಯ ಶಾಖ ತಡೆಯಲಾಗುವುದಿಲ್ಲ ಎಂದು ಸಂಜೆಯ ಹೊತ್ತು ಇಸ್ತ್ರಿ ಹಲಗೆಯನ್ನು ಬಾಲ್ಕನಿಗೆ ತರುತ್ತಿದ್ದಳು. ಕೆಳಗೆ 'ಲೆವಾಂತೆಸ್' ಸಿನಿಮಾದಲ್ಲಿ ಮೊದಲ ಆಟ ಶುರುವಾಗುತ್ತಿತ್ತು. ನೋಡಿದರೆ ನೋಡಿದಳು, ಇಲ್ಲದಿದ್ದರೆ ಇಲ್ಲ. ಸಿನಿಮಾ ಹುಚ್ಚು ಎನ್ನುವಂಥದ್ದೇನೂ ಅವಳಿಗೆ ಇರಲಿಲ್ಲ.

ಲೆವಾಂತೆಸಿನ ಯಜಮಾನ ಸ್ತಾಥಿಸ್. ಹೆಸರಾಂತ ಚಿತ್ರಗಳನ್ನೆಲ್ಲ ಹೊಸ ಮಾಲಿನ ಥಿಯೇಟರುಗಳು ಎಳೆದುಕೊಂಡ ಮೇಲೆ ಇವನ ಪಾಲಿಗೆ ಉಳಿದದ್ದು ಯಾರೂ ಕೇಳಿರದ ಊರುಗಳ ಯಾರೂ ಕೇಳಿರದ ಚಿತ್ರಗಳು. ಪ್ರತಿ ಗುರುವಾರ ಹೊಸದು. ಶುಕ್ರವಾರ ಬೆಳಿಗ್ಗೆ ಬ್ರೆಡ್ಡಿಗೆ ಬಂದವರು ಬೇಕರಿ ಮುಂದೆ ನಿಂತು ಮೇಲೆ ನೋಡಿ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ 'ಕಿರಾ' ಎಂದು ಕೂಗುತ್ತಿದ್ದರು.

"ಕಿರಾ ಮೆರೋಪಿ, ಈ ವಾರದ್ದು ಹೇಗಿದೆ?"

"ಫಿನ್‌ಲೆಂಡಿನದು. ಒಬ್ಬ ದೋಣಿ ತಗೋತಾನೆ. ಆಮೇಲೆ ಅದನ್ನ ನೋಡ್ತಾ ಕೂರ್ತಾನೆ. ಮೇಜುಬಟ್ಟೆ. ಆದ್ರೆ ಸೆಕೆಗೆ ಒಳ್ಳೇದು, ಎಲ್ಲಾ ಕಡೆ ಹಿಮ."

ಸ್ಪೇನಿನ ಬಯಲಲ್ಲಿ ತೆಗೆದ ಕೌಬಾಯ್ ಚಿತ್ರಕ್ಕೆ ಅವಳು ಹೇಳಿದ್ದು, "ಖಳನಾಯಕ ಮೂರು ದಿನ ಕುದುರೆ ಮೇಲೆ ಬಂದಿದಾನಂತೆ, ಅಂಗೀಲಿ ಒಂದು ಸುಕ್ಕಿಲ್ಲ. ಅವನಿಗೆ ಇಸ್ತ್ರಿ ಹಾಕಿಕೊಡೋಳು ಯಾರು, ಅವಳ ಕತೆ ತೆಗೀಬೇಕಿತ್ತು." ಹಂಗೇರಿಯವರ ಅಂತರಿಕ್ಷದ ಚಿತ್ರಕ್ಕೆ, "ಹಲ್ಲಿನ ಡಾಕ್ಟ್ರ ಕೋಣೆಗೆ ಬೆಂಕಿ ಹಚ್ಚಿ ಮೇಲೆ ಕಳಿಸಿದಾರೆ." ಜಪಾನಿನ ದೆವ್ವದ ಚಿತ್ರದಲ್ಲಿ ದೆವ್ವ ರಾತ್ರಿಯೆಲ್ಲ ಮನೆ ಗುಡಿಸುತ್ತಿತ್ತಂತೆ. "ಅಷ್ಟು ಒಳ್ಳೆ ದೆವ್ವಾನ ಓಡಿಸೋಕೆ ಪೂಜಾರಿನ ಕರೆಸ್ತಾರೆ ಕಣ್ರೀ. ನಮ್ಮನೆಗೆ ಕಳಿಸಿ ಅಂತ ಕಾಗದ ಬರೀತೀನಿ." ಬೇಕರಿಯ ಫೋತಿನಿ ಈ ಮಾತು ಕೇಳಿ ನಕ್ಕೂ ನಕ್ಕೂ ಎಣಿಸುತ್ತಿದ್ದ ಚಿಲ್ಲರೆ ಮರೆಯುತ್ತಿದ್ದಳು.

ಒಲಿಂಪಿಕ್ಸ್ ಮುಗಿದ ಮಾರನೆಯ ವರ್ಷದ ಬೇಸಿಗೆಯಲ್ಲಿ ಇದು ಕೆಟ್ಟಿತು.

ಜೂನ್ ತಿಂಗಳು. ಡೆನ್ಮಾರ್ಕಿನ ಒಂದು ಕೋರ್ಟು ಕತೆ ಬಂದಿತ್ತು. ಶುಕ್ರವಾರ ಮೆರೋಪಿ ಕೆಳಗಿನವರಿಗೆ ಹೇಳಿದಳು, "ದುಡ್ಡು ದಂಡ. ಶುರುವಿನಲ್ಲೇ ಅವನು 'ನಾನು ಕೊಂದೆ' ಅಂತ ಒಪ್ಕೋತಾನೆ. ಆಮೇಲೂ ವಕೀಲರು ಎರಡು ಗಂಟೆ ಕಿತ್ತಾಡ್ತಾರೆ." ಶನಿವಾರ ಫೋತಿನಿ ತಾನೇ ಹೋಗಿ ನೋಡಿ ಬಂದಳು. ಭಾನುವಾರ ನನಗೆ ಬ್ರೆಡ್ಡು ಕಟ್ಟಿಕೊಡುತ್ತಾ, "ನಿಮ್ಮ ಅತ್ತಿಗೆ ಯಾವ ಸಿನಿಮಾ ನೋಡಿದ್ರೋ. ಅವನು ಕೊನೇವರೆಗೂ 'ಕೊಂದಿಲ್ಲ, ಕೊಂದಿಲ್ಲ' ಅಂತಾನೇ ಇರ್ತಾನೆ" ಎಂದಳು. ನಕ್ಕೆವು. ಕಾಲರು ನೋಡುವಾಗ ತಪ್ಪಿಹೋಗಿರಬೇಕು ಎಂದುಕೊಂಡೆ.

ಮುಂದಿನ ವಾರ ಅರ್ಜೆಂಟೀನಾದ ಪ್ರೇಮಕತೆ. "ಅವಳು 'ಪ್ರೀತಿಸ್ತೀನಿ' ಅಂತ ಮುಖದ ಮೇಲೆ ಹೇಳ್ತಾಳೆ, ಇವನು ಅಳ್ತಾ ಹೊರಟು ಹೋಗ್ತಾನೆ. ಗಂಡಸು ಜಾತಿಗೆ ಏನು ಕೊಟ್ರೂ ಸಾಲ್ದು" ಎಂದಳು. ಅದೂ ತಲೆಕೆಳಗೆ. ಅದರ ಮುಂದಿನ ವಾರ ಒಂದು ಹೆದರಿಸುವ ಚಿತ್ರದಲ್ಲಿ ತಾಯಿ, "ಕೋಣೆಯಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದಳಂತೆ. ಮಗು, "ಇದ್ದಾರೆ" ಅಂದಿತಂತೆ. ಇಬ್ಬರೂ ದೀಪ ಆರಿಸಿ ಮಲಗಿದರಂತೆ. "ಎಂಥಾ ಗಟ್ಟಿ ಗುಂಡಿಗೆಯ ಹೆಂಗಸು" ಎಂದು ಮೆರೋಪಿ ಹೊಗಳಿದ್ದೇ ಹೊಗಳಿದ್ದು. ಕೆಳಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಸಲ ಯಾರೂ ನಗಲಿಲ್ಲ.

ನನ್ನ ಅತ್ತೆಯೂ ಹೀಗೇ ಹೋದವರು. ಮೊದಲು ಕೇಳಿದ ಮಾತು ಉಲ್ಟಾ ಹೇಳುತ್ತಿದ್ದರು, ಆಮೇಲೆ ಕಾಫಿಗೆ ಉಪ್ಪು ಹಾಕಿದರು, ಕೊನೆಕೊನೆಗೆ ಪಾಂಡೆಲಿಸನನ್ನೇ ನೋಡಿ, "ನೀವು ಯಾರ ಕಡೆಯೋರು ಸ್ವಾಮಿ?" ಎಂದು ವಿಚಾರಿಸುತ್ತಿದ್ದರು. ಅಷ್ಟೂ ವರ್ಷ ಅವರನ್ನು ನೋಡಿಕೊಂಡದ್ದು ಮೆರೋಪಿ. ಅತ್ತೆಯ ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಸ್ಮಶಾನದಿಂದ ಹೊರಡುವಾಗ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದ್ದಳು.

"ಅರೆತಿ, ನಂಗೂ ಹಾಗೆ ಶುರುವಾದ್ರೆ ನೀನೇ ಮೊದ್ಲು ಹೇಳ್ಬೇಕು. ಓಣಿಯೋರ ಬಾಯಲ್ಲಿ ಕೇಳೋ ಹಾಗೆ ಮಾಡ್ಬೇಡ. ಹೇಳ್ತೀನಿ ಅನ್ನು."

ಹೇಳುತ್ತೇನೆ ಎಂದಿದ್ದೆ. ಹೊಸದಾಗಿ ಮಣ್ಣು ಮುಚ್ಚಿದ ಗೋರಿಯ ಪಕ್ಕದಲ್ಲಿ ಇನ್ನೇನು ಹೇಳಲಿ.

ಈಗ ಅವಳನ್ನು ಕದ್ದು ಕದ್ದು ನೋಡಲು ಶುರುಮಾಡಿದೆ. ಕಾಫಿ ಮಾಡಿಕೊಟ್ಟರೆ ಮೊದಲ ಗುಟುಕು ಹೆದರುತ್ತಾ ಕುಡಿಯುತ್ತಿದ್ದೆ. ಕಾಫಿ ಸರಿಯಾಗೇ ಇರುತ್ತಿತ್ತು. ಯಾರ ಹೆಸರಿನ ಸಂತರ ಹಬ್ಬ ಯಾವತ್ತು ಎಂದು ಕೇಳುತ್ತಿದ್ದೆ. ಎಲ್ಲವನ್ನೂ ಸರಿಯಾಗೇ ಹೇಳುತ್ತಿದ್ದಳು, ಜೊತೆಗೆ ಯಾರ ಹಬ್ಬಕ್ಕೆ ಯಾರು ಸಿಹಿ ಕಳಿಸಲಿಲ್ಲ ಎಂಬುದನ್ನೂ. ಆದರೆ ಒಂದು ದಿನ ಹೋಟೆಲಿನವರು ಅಂಗಿಗಳ ಒಂದು ಕಟ್ಟನ್ನೇ ವಾಪಸು ಕಳಿಸಿದರು. ಎಲ್ಲದರ ಒಂದು ಪಕ್ಕ ಕನ್ನಡಿಯ ಹಾಗಿದೆ, ಇನ್ನೊಂದು ಪಕ್ಕ ಮುದುಡಿಕೊಂಡಿದೆ. ಮೆರೋಪಿ ಆ ಅಂಗಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮತ್ತೆ ನೀರು ಚಿಮುಕಿಸಿದಳು. ಅವಳ ಎಡ ಭುಜದ ಮೇಲೆ ನೀಲಿಗಟ್ಟಿದ ಒಂದು ಕಲೆ ಇತ್ತು.

"ಅದೇನದು?"

"ಬಾಗಿಲ ಚೌಕಟ್ಟು ಬಡೀತು."

"ಮೂವತ್ತು ವರ್ಷದಿಂದ ಅಲ್ಲೇ ಇರೋ ಬಾಗಿಲು ಕಣೇ ಅದು."

"ಅದಕ್ಕೇ ಸಲಿಗೆ ಜಾಸ್ತಿ ಆಗಿದೆ."

ನಗಿಸಲು ಹೇಳಿದಳು, ಆದರೆ ಕಣ್ಣು ನನ್ನನ್ನು ತಪ್ಪಿಸಿತು. ಅವಳಿಗೂ ಗೊತ್ತಾಗಿದೆ, ಅವಳೂ ಅದಕ್ಕೇ ಹೆದರುತ್ತಿದ್ದಾಳೆ ಎಂದು ಆಗ ತಿಳಿಯಿತು. ಅಂದು ಊಟದ ಹೊತ್ತಿಗೆ ಪಾಂಡೆಲಿಸನ ಮುಂದೆ ಇದನ್ನೆಲ್ಲ ಹೇಳಿದೆ. ಅವನು ತಟ್ಟೆಯ ಬೀನ್ಸ್ ಕೆದಕುತ್ತಾ, "ಅಮ್ಮಂಗೂ ಹೀಗೇ ಶುರುವಾಗಿದ್ದು" ಎಂದಷ್ಟೇ ಹೇಳಿ ಎದ್ದುಹೋದ. ಗಂಡಸರಿಗೆ ಎದ್ದುಹೋಗುವ ಸೌಲಭ್ಯ ಯಾವಾಗಲೂ ಇದೆ.

ಹೇಳಲೇಬೇಕು, ಆದರೆ ಖಚಿತವಾಗದೆ ಹೇಗೆ ಹೇಳುವುದು. ಜುಲೈನ ಒಂದು ಶನಿವಾರ ನಾನೇ ಟಿಕೆಟ್ಟು ಕೊಂಡು ಲೆವಾಂತೆಸಿಗೆ ಹೋದೆ. ನನ್ನನ್ನು ನೋಡಿ ಸ್ತಾಥಿಸ್ ಕೈಯಲ್ಲಿದ್ದ ಸೋಡಾ ಬಾಟಲಿ ಕೆಳಗಿಟ್ಟ.

"ಕಿರಾ ಅರೆತಿ, ದಾರಿ ತಪ್ಪಿ ಬಂದ್ರಾ?"

"ನಿನ್ನ ಬೀಡಾಡಿ ಸಿನಿಮಾ ನೋಡೋಕೆ ಬಂದಿದೀನಿ. ಬೆನ್ನಿಗೊಂದು ದಿಂಬು ಕೊಡು."

ಅಂದಿನದು ಉರುಗ್ವೆ ದೇಶದ್ದು, ಮುದಿ ಗೋಲ್‌ಕೀಪರನೊಬ್ಬನ ತಮಾಷೆಯ ಕತೆ. ಅದರಲ್ಲಿ ಅವನ ಹೆಂಡತಿ ಮದುವೆಯಾದಂದಿನಿಂದ ಅವನ ಆಟವನ್ನು ಹೊಗಳುತ್ತಲೇ ಇರುತ್ತಾಳೆ, ಅದಕ್ಕೇ ಚಿತ್ರ ಸಪ್ಪೆ ಎಂದು ಮೆರೋಪಿ ಹೇಳಿದ್ದಳು. ಪರದೆಯ ಕೆಳಗೆ ಬರುವ ಅನುವಾದದ ಒಂದೊಂದು ಸಾಲನ್ನೂ ನಾನು ಪಾಠ ಓದುವಂತೆ ಓದಿದೆ. ಹೆಂಡತಿ ಬಾಯಿ ತೆರೆದಳು. ಕೆಳಗೆ ನಮ್ಮ ಭಾಷೆಯ ಅಕ್ಷರಗಳು ಮೂಡಿದವು: 'ದೆನ್ ಹಿಡೀತೀಯ ನೀನು ಚೆಂಡನ್ನ'. ಮತ್ತೆ: 'ದೆನ್ ಆಡೋಕೆ ಬರುತ್ತೆ ನಿನಗೆ'.

ನಮ್ಮ ಮಾತಿನಲ್ಲಿ 'ಇಲ್ಲ' ಎನ್ನುವುದು ಕೊನೆಗೆ ಬರುವುದಿಲ್ಲ. 'ದೆನ್' ಎಂದು ಎಲ್ಲಕ್ಕಿಂತ ಮೊದಲು ಬಂದು ನಿಲ್ಲುತ್ತದೆ, ನಮ್ಮ ಲಿಪಿಯಲ್ಲಿ ಮೂರೇ ಅಕ್ಷರದ ಪದ. ಅದೊಂದನ್ನು ಕಿತ್ತುಹಾಕಿದರೆ 'ಕೊಂದಿಲ್ಲ' ಎಂಬುದು 'ಕೊಂದೆ' ಆಗುತ್ತದೆ, 'ಪ್ರೀತಿಸುವುದಿಲ್ಲ' ಎಂಬುದು 'ಪ್ರೀತಿಸುತ್ತೇನೆ' ಆಗುತ್ತದೆ, 'ಯಾರೂ ಇಲ್ಲ' ಎಂದ ಮಗು 'ಇದ್ದಾರೆ' ಎಂದ ಹಾಗಾಗುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೆರೋಪಿ ಏನನ್ನೂ ತಿರುಚುತ್ತಿಲ್ಲ. ಅವಳಿಗೆ ಸಾಲಿನ ಮೊದಲ ಪದ ಕಾಣುತ್ತಿಲ್ಲ.

ಯಾಕೆ ಕಾಣುತ್ತಿಲ್ಲ ಎಂದು ತಿರುಗಿ ನಮ್ಮ ಬಾಲ್ಕನಿಯ ಕಡೆ ನೋಡಿದೆ. ನಡುವೆ, ಗೋಡೆಯ ಪಕ್ಕ, ಸ್ತಾಥಿಸನ ಅಪ್ಪ ನೆಟ್ಟ ಹಿಪ್ಪುನೇರಳೆ ಮರ. ಅದರ ಒಂದು ಕೊಂಬೆ ಪರದೆಯ ಎಡಗಡೆಗೆ ಚಾಚಿಕೊಂಡಿತ್ತು. "ಈ ವರ್ಷ ಹಿಪ್ಪುನೇರಳೆ ಜಾಸ್ತಿ ಬೆಳೆದು ಅಡ್ಡ ಬಂದಿದೆ ಕಣೇ" ಎಂದು ಅವಳು ಮೇ ತಿಂಗಳಿಂದ ಹೇಳುತ್ತಲೇ ಇದ್ದಳು. ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಆ ಗೋಲ್‌ಕೀಪರ್ ಕೊನೆಗೆ ಚೆಂಡು ಹಿಡಿದನೋ ಬಿಟ್ಟನೋ ನನಗೆ ಇಂದಿಗೂ ತಿಳಿಯದು. ಎದೆಯ ಮೇಲಿನ ಕಲ್ಲು ಇಳಿದು, ಕತ್ತಲಲ್ಲಿ ಕೂತು ಅಳುತ್ತಿದ್ದೆ. ಪಕ್ಕದವಳು ಇದು ತಮಾಷೆ ಚಿತ್ರವಲ್ಲವೇ ಎಂಬಂತೆ ನೋಡಿದಳು.

ಆಟ ಬಿಟ್ಟ ಕೂಡಲೇ ಸ್ತಾಥಿಸನನ್ನು ಹಿಡಿದೆ.

"ಆ ಕೊಂಬೆ ಕಡಿಸು."

"ಅಪ್ಪ ನೆಟ್ಟ ಮರ. ಅಲ್ಲದೆ ಟಿಕೆಟ್ಟೇ ತಗೊಳ್ದೆ ನೋಡೋರಿಗೋಸ್ಕರ ನಾನ್ಯಾಕೆ ಮರ ಕಡೀಲಿ?"

"ಅವಳು ಇಸ್ತ್ರಿ ಆರಿಸಿ ಕೂತ ವಾರ ನಿನ್ನ ಗಲ್ಲಾ ತುಂಬಿದ್ದು ಮರ್ತೋಯ್ತಾ? ಈಗ ಅವಳು ಹೇಳಿದ್ದೆಲ್ಲ ತಲೆಕೆಳಗಾಗಿ ನಿನ್ನ ಅಂಗಳ ಖಾಲಿ ಹೊಡೀತಿದೆ. ಕೊಂಬೆ ಬೇಕೋ ಜನ ಬೇಕೋ ನೋಡು."

ಗೊಣಗುತ್ತಾ ಒಪ್ಪಿದ. ಗುರುವಾರ ಬೆಳಿಗ್ಗೆ ಗರಗಸದ ಸದ್ದು ಕೇಳಿಸಿತು. ಬೇಕರಿಯಲ್ಲಿ ಫೋತಿನಿಗೆ, ಮೆಟ್ಟಿಲ ಮೇಲೆ ಸಿಕ್ಕವರಿಗೆ, ಪಾಂಡೆಲಿಸನಿಗೆ, ಎಲ್ಲರಿಗೂ 'ದೆನ್' ಕತೆ ಹೇಳಿದೆ. ಪಾಂಡೆಲಿಸ್ ಅಂದು ಊಟ ಮುಗಿಯುವವರೆಗೂ ಏಳಲಿಲ್ಲ, ಎರಡನೆಯ ಸಲ ಬೀನ್ಸ್ ಬಡಿಸಿಕೊಂಡ. ಮೆರೋಪಿಗೆ ಮಾತ್ರ ನಾನು ಹೇಳಲಿಲ್ಲ. ಅವಳೇ ನೋಡಿ ಬೆರಗಾಗಲಿ ಎಂಬ ಆಸೆ.

ಆ ಸಂಜೆ ಕಲ್ಲಂಗಡಿ ಹಣ್ಣಿನ ತಟ್ಟೆ ಹಿಡಿದು ಅವಳ ಬಾಲ್ಕನಿಗೆ ಹೋದೆ. ಅವಳು ಮೇಜುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅಲ್ಲಿಂದ ಪರದೆ ಮೂಲೆಯಿಂದ ಮೂಲೆಗೆ ನಿಚ್ಚಳವಾಗಿ ಕಾಣುತ್ತಿತ್ತು, ನಡುವೆ ಒಂದೆಲೆಯೂ ಅಡ್ಡ ಇಲ್ಲ. ಜಾರ್ಜಿಯಾ ದೇಶದ ಚಿತ್ರ ಶುರುವಾಯಿತು. ಮೊದಲ ದೃಶ್ಯದಲ್ಲೇ ಅಕ್ಷರ ಮೂಡಿತು, 'ದೆನ್' ಕೂಡ ಕಾಣಿಸಿತು. ನಾನು ಅವಳ ಮುಖವನ್ನೇ ನೋಡುತ್ತಾ ಕಾದೆ.

"ಸ್ತಾಥಿಸ್ ಬೆಳಿಗ್ಗೆಯೆಲ್ಲ ಗರಗರ ಅಂತ ಏನು ಕುಯ್ದನೋ. ಕುಯ್ಯೋ ಕೊಂಬೆ ಕುಯ್ದಿಲ್ಲ. ನೋಡು, ಹಾಗೇ ಇದೆ" ಎಂದಳು ಮೆರೋಪಿ.

ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ನೆಲದ ಮೇಲಿಟ್ಟೆ. ಪರದೆಯ ಮೇಲೆ ಒಂದು ಉದ್ದನೆಯ ಮೇಜು, ಬಲಗಡೆಯ ತುದಿಗೆ ಗಂಡ, ಎಡಗಡೆಯ ತುದಿಗೆ ಹೆಂಡತಿ. ಹೆಂಡತಿ ಅವನಿಗೆ ಕೈಬೀಸಿ ಬೀಸಿ ಬೈಯುತ್ತಿದ್ದಳು.

"ಪಾಪ," ಮೆರೋಪಿ ಎಂದಳು, "ಅಷ್ಟು ದೊಡ್ಡ ಮೇಜಿನಲ್ಲಿ ಒಬ್ಬನೇ ಕೂತು ತಿಂತಿದಾನೆ. ಆ ಬೈಗುಳ ಎಲ್ಲಿಂದ ಬರ್ತಿದೆ? ರೇಡಿಯೋನಾ?"

"ಮೆರೋಪಿ, ಇಸ್ತ್ರಿ ಆರಿಸು" ಎಂದೆ.

"ಯಾಕೆ? ಇದು ಇನ್ನೂ ಮೇಜುಬಟ್ಟೆ."

"ಆರಿಸು ಅಂದ್ನಲ್ಲ. ಈಗ ಕತ್ತು ಎಡಕ್ಕೆ ತಿರುಗಿಸು. ಇನ್ನೂ. ಇನ್ನೂ ಸ್ವಲ್ಪ."

ತಿರುಗಿಸಿದಳು. "ಅರೆ, ಇವಳು ಯಾವಾಗ ಬಂದ್ಲು?" ಎಂದು ಅರ್ಧ ನಕ್ಕಳು. ಮತ್ತೆ ಕತ್ತು ನೇರ ಮಾಡಿದಳು, ಮತ್ತೆ ತಿರುಗಿಸಿದಳು. ಹೆಂಗಸು ಹೋದಳು, ಬಂದಳು. ನಗು ನಿಂತಿತು. ಅವಳು ಮರದ ಕಡೆ ನೋಡಿ, ಕತ್ತನ್ನು ಪೂರ್ತಿ ಹೊರಳಿಸಿ, ಹೊಸದಾಗಿ ಕಡಿದ ಬಿಳಿ ಗಾಯವನ್ನು ಕಂಡಳು. ಕೆಳಗೆ ಜನ ನಗುತ್ತಿದ್ದರು.

ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಪಾಂಡೆಲಿಸ್ ಹೊರಗೆ ಸಿಗರೇಟಿನ ಮೇಲೆ ಸಿಗರೇಟು ಸೇದುತ್ತಾ ನಿಂತ. ಮೆದುಳಿನ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ವಸಂತದಲ್ಲಿ ಯಾವಾಗಲೋ ಕಟ್ಟಿಕೊಂಡಿದೆಯಂತೆ. ನೋವಿಲ್ಲ, ಸದ್ದಿಲ್ಲ. ಕಣ್ಣು ಎರಡೂ ಸರಿಯಾಗಿವೆ, ಆದರೆ ಎರಡರಲ್ಲೂ ಎಡಗಡೆಯ ನೋಟ ಹೋಗಿದೆ. ಡಾಕ್ಟರು ಹುಡುಗನಂತಿದ್ದರೂ ನಿಧಾನವಾಗಿ, ಮರ್ಯಾದೆಯಿಂದ ಹೇಳಿದರು. ಬುದ್ಧಿ ಹೇಗಿದೆ ಎಂದು ನಾನು ಕೇಳಿದೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಮೆರೋಪಿ ಪಟಪಟನೆ ಉತ್ತರ ಕೊಟ್ಟಿದ್ದಲ್ಲದೆ ಅವರ ಬಿಳಿ ಕೋಟಿಗೆ ಯಾರು ಇಸ್ತ್ರಿ ಹಾಕುವುದೆಂದು ವಿಚಾರಿಸಿ, ಬೇರೆಯವರನ್ನು ನೋಡಿಕೊಳ್ಳಲು ಸಲಹೆ ಕೊಟ್ಟಿದ್ದಳಂತೆ. ಬುದ್ಧಿಗೆ ಏನೂ ಆಗಿರಲಿಲ್ಲ. ಆದರೆ ಇನ್ನೊಂದು ನಾಳ ಹೀಗೇ ಕಟ್ಟಿಕೊಳ್ಳದಂತೆ ಇನ್ನು ದಿನವೂ ಮಾತ್ರೆ, ಆದರೂ ಭರವಸೆ ಕೊಡಲಾಗದು ಎಂದರು.

"ಹೋಗಿದ್ದು ವಾಪಸ್ ಬರುತ್ತಾ ಡಾಕ್ಟ್ರೇ?" ಮೆರೋಪಿ ಕೇಳಿದಳು.

ಡಾಕ್ಟರು ಮಾತಾಡಲಿಲ್ಲ. ನಮ್ಮವರೆಲ್ಲ ಮಾಡುವ ಹಾಗೆ ಗದ್ದವನ್ನು ಒಮ್ಮೆ ಮೇಲೆತ್ತಿ, ಹುಬ್ಬು ಏರಿಸಿದರು. ಇಲ್ಲ ಎಂದು ಅದರ ಅರ್ಥ. ಆದರೆ ಅವರು ಕೂತಿದ್ದದ್ದು ಅವಳ ಎಡಕ್ಕೆ. ಮೆರೋಪಿ ಇನ್ನೂ ಉತ್ತರಕ್ಕೆ ಕಾಯುತ್ತಾ, ಎದುರಿನ ಗೋಡೆಯನ್ನು ನೋಡುತ್ತಾ ಕೂತಿದ್ದಳು.

ನಾನೇ ಮೊದಲು ಹೇಳಬೇಕೆಂದು ಮಾತು ಕೊಟ್ಟಿದ್ದೆನಲ್ಲ. "ದೆನ್, ಮೆರೋಪಿ" ಎಂದೆ. "ವಾಪಸ್ ಬರಲ್ಲ."

ಅವಳು ತಲೆಯಾಡಿಸಿದಳು. ಚೀಲದಿಂದ ಕರವಸ್ತ್ರ ತೆಗೆದು, ಮಡಿಕೆ ಸರಿಮಾಡಿ, ಮತ್ತೆ ಒಳಗಿಟ್ಟಳು.

ಅವಳು ಕೆಲಸ ಬಿಟ್ಟಿಲ್ಲ. ಹಲಗೆಯನ್ನು ಗೋಡೆಗೆ ಒತ್ತಿಸಿ, ಅಂಗಿಯನ್ನು ಸಂಪೂರ್ಣ ಬಲಕ್ಕೆ ಸರಿಸಿ ಇಸ್ತ್ರಿ ಹಾಕುತ್ತಾಳೆ. ಉಳಿದ ಪಕ್ಕವನ್ನು ನಾನು ನೋಡಿ ಹೇಳುತ್ತೇನೆ. ಸಂಜೆ ಆಟ ಶುರುವಾದಾಗ ನನ್ನ ಕುರ್ಚಿ ಅವಳ ಎಡಗಡೆಗೆ. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ನಾನು ಈಗ ಅಲ್ಬೇನಿಯಾದವರ ಕಳ್ಳಸಾಗಣೆಯನ್ನೂ, ಪೋರ್ಚುಗಲ್ಲಿನ ಸನ್ಯಾಸಿನಿಯರನ್ನೂ ರೆಪ್ಪೆ ಬಡಿಯದೆ ನೋಡಬೇಕು, ಸಾಲಿನ ಮುಂದೆ ಇಲ್ಲ ಎಂಬ ಪದ ಬಂದಾಗಲೆಲ್ಲ "ದೆನ್" ಎನ್ನಬೇಕು. ಒಮ್ಮೊಮ್ಮೆ ತೂಕಡಿಸಿ ತಪ್ಪಿದರೆ ಯಾರಾದರೂ ಬದುಕಿರುವವರು ಸತ್ತುಹೋಗುತ್ತಾರೆ. ಶುಕ್ರವಾರದ ಅಭಿಪ್ರಾಯ ಮತ್ತೆ ಬಾಲ್ಕನಿಯಿಂದಲೇ ಹೋಗುತ್ತದೆ.

"ಕಿರಾ ಮೆರೋಪಿ, ಸನ್ಯಾಸಿನಿಯರದು ಹೇಗಿದೆ?"

"ಅಂಗಿ. ಆದ್ರೆ ಅರೆತಿ ನಿದ್ದೆ ಮಾಡಿದ್ಲು, ಅದಕ್ಕೇ ಇಬ್ಬರಿಗೆ ಮದುವೆ ಆಗಿಹೋಯ್ತು."

ಆಗಸ್ಟಿನ ಪನಾಯಿಯಾ ಮಾತೆಯ ಹಬ್ಬ ಕಳೆದ ಮೇಲಿನ ವಾರ ಒಂದು ಬಲ್ಗೇರಿಯಾದ ಚಿತ್ರ ಬಂತು. ದೀಪಸ್ತಂಭ ಕಾಯುವ ಅಣ್ಣತಂಗಿಯರ ಕತೆ. ಸ್ವಲ್ಪ ಹೊತ್ತಿಗೇ ಮೆರೋಪಿ ಕೈ ಚಾಚಿ ಇಸ್ತ್ರಿ ಆರಿಸಿ ಸ್ಟೂಲಿನ ಮೇಲೆ ಕೂತಳು. ಆ ಬೇಸಿಗೆಯಲ್ಲಿ ತಾನಾಗಿ ಆರಿಸಿದ್ದು ಅದೇ ಮೊದಲ ಸಲ. ನಾನು ಒಂದು 'ದೆನ್' ಅನ್ನೂ ಬಿಡದೆ ಹೇಳುತ್ತಾ ಹೋದೆ. ಚಂಡಮಾರುತದ ನಡುವೆ ತಂಗಿ ಬಾಗಿಲು ತೆರೆದು ನಿಂತಳು, ಪರದೆ ಕಪ್ಪಾಯಿತು.

"ಹೆದರಿಕೆ ಆಗುತ್ತೆ" ಎಂದಳು ಮೆರೋಪಿ.

ಸಾಲು ತಪ್ಪಿಹೋಯಿತೇ ಎಂದು ಗಾಬರಿಯಾಗಿ ಪರದೆಯ ಎಡ ಮೂಲೆಗೆ ನೋಡಿದೆ. ಅಲ್ಲಿ ದೆನ್ ಇರಲಿಲ್ಲ. ಮಧ್ಯದಲ್ಲೂ ಬಲಗಡೆಗೂ ಯಾವ ಸಾಲೂ ಇರಲಿಲ್ಲ. ಅಂಗಳದ ದೀಪಗಳು ಹತ್ತಿದವು, ಮಧ್ಯಂತರ. ಜನ ಎದ್ದು ಸ್ತಾಥಿಸನ ಸೋಡಾಕ್ಕೆ ಸಾಲು ನಿಂತರು. ಮೆರೋಪಿ ಖಾಲಿ ಪರದೆಯನ್ನು ನೋಡುತ್ತಾ ಕೂತಿದ್ದಳು.

ಅವಳ ಎಡಗೈ ಹಿಡಿದುಕೊಂಡೆ. ಯಾರ ಕೈ ಎಂದು ನೋಡಲು ಅವಳು ಕತ್ತು ಪೂರ್ತಿ ತಿರುಗಿಸಿದಳು.

"ನಂಗೂ ಕಣೇ" ಎಂದೆ.